ಕಣ್ಣು ಕೊಟ್ಟವರು: ಹಿತ್ತಾಳೆಯ ಸೂಕ್ಷ್ಮದರ್ಶಕ ಮತ್ತು ಪ್ರಮಾಣದ ಪ್ರಶ್ನೆ

ಭಾರತೀಯ ದರ್ಶನಗಳು ಜ್ಞಾನದ ಸಾಧನಗಳನ್ನು, ಎಂದರೆ ಪ್ರಮಾಣಗಳನ್ನು, ಎಣಿಸುವಾಗ ಬೇರೆಬೇರೆ ಸಂಖ್ಯೆಗಳನ್ನು ಹೇಳಿದರೂ ಪ್ರತ್ಯಕ್ಷವನ್ನು ಕೈಬಿಟ್ಟ ದರ್ಶನ ಒಂದೂ ಇಲ್ಲ. ಚಾರ್ವಾಕರು ಅದೊಂದನ್ನೇ ಒಪ್ಪಿದರು. ವೈಶೇಷಿಕರೂ ಬೌದ್ಧರೂ ಅದಕ್ಕೆ ಅನುಮಾನವನ್ನು ಸೇರಿಸಿದರು. ನೈಯಾಯಿಕರು ಉಪಮಾನ ಮತ್ತು ಶಬ್ದಗಳನ್ನು ಕೂಡಿಸಿ ನಾಲ್ಕೆಂದರು. ಭಾಟ್ಟ ಮೀಮಾಂಸಕರೂ ಅದ್ವೈತಿಗಳೂ ಆರರವರೆಗೆ ಹೋದರು. ಇವರೆಲ್ಲರ ಚರ್ಚೆಯಲ್ಲಿಯೂ ಕಣ್ಣು ಎಂದರೆ ಹುಟ್ಟಿನೊಡನೆ ಬಂದ ಕಣ್ಣು. ಇನ್ನೊಬ್ಬನು ಕಡೆದು, ತಿಕ್ಕಿ, ಜೋಡಿಸಿ ಕೊಟ್ಟ ಸಾಧನದ ಮೂಲಕ ನೋಡಿದಾಗ ದೊರೆಯುವ ತಿಳಿವು ಯಾವ ಪ್ರಮಾಣಕ್ಕೆ ಸೇರುತ್ತದೆ ಎಂಬ ಪ್ರಶ್ನೆಯನ್ನು ಅವರು ಕೇಳಬೇಕಾಗಿ ಬರಲಿಲ್ಲ. ಹದಿನೇಳನೆಯ ಶತಮಾನದಿಂದ ಈಚೆಗೆ ಮನುಷ್ಯನು ಹೊಸದಾಗಿ ಕಂಡ ಸಂಗತಿಗಳಲ್ಲಿ ಬಹುಪಾಲು ಇಂತಹ ಸಾಧನಗಳ ಮೂಲಕವೇ ಕಂಡದ್ದಾದ್ದರಿಂದ, ಮತ್ತು ‘ಕಂಡದ್ದನ್ನು ಮಾತ್ರ ನಂಬುತ್ತೇನೆ’ ಎಂಬ ಮಾತು ಶ್ರದ್ಧೆಯ ಎದುರು ನಿಲ್ಲಿಸುವ ಆಯುಧವಾಗಿರುವುದರಿಂದ, ಇದು ಪಾಠಶಾಲೆಯ ಬರಿಯ ಸೂಕ್ಷ್ಮವಾದವಲ್ಲ.

ಈ ಪ್ರಶ್ನೆಯನ್ನು ಕೋಲಾರ ಜಿಲ್ಲೆಯಲ್ಲಿ ನಿಂತು ಕೇಳುವುದಕ್ಕೆ ಕಾರಣವಿದೆ. ವೇಮಗಲ್ಲಿನ ಕೈಗಾರಿಕಾ ಪ್ರದೇಶದಲ್ಲಿರುವ ಟಾಟಾ ಅಡ್ವಾನ್ಸ್ಡ್ ಸಿಸ್ಟಮ್ಸ್ ಸಂಸ್ಥೆಯ ಘಟಕದಲ್ಲಿ ಜೋಡಿಸಿದ ಟಿಸ್ಯಾಟ್-1ಎ ಎಂಬ ಉಪಗ್ರಹ 2024ರ ಏಪ್ರಿಲ್‌ನಲ್ಲಿ ಕಕ್ಷೆಗೇರಿತು. ಅದು ನೆಲದ ಮೇಲಿನ ಒಂದು ಮೀಟರಿಗಿಂತ ಕಡಿಮೆ ಅಳತೆಯ ವಿವರಗಳನ್ನು ಬಿಡಿಸಿ ತೋರಿಸಲೆಂದು ಮಾಡಿದ ಕಣ್ಣು. ಅದೇ ಜಿಲ್ಲೆಯ ಮಾಲೂರು ತಾಲ್ಲೂಕಿನ ಶಿವಾರಪಟ್ಟಣದಲ್ಲಿ ವಿಶ್ವಕರ್ಮ ಕುಲದ ಶಿಲ್ಪಿಗಳು ತಲೆಮಾರುಗಳಿಂದ ಕಲ್ಲಿನಲ್ಲಿಯೂ ಲೋಹದಲ್ಲಿಯೂ ದೇವತಾಮೂರ್ತಿಗಳನ್ನು ಮಾಡುತ್ತ ಬಂದಿದ್ದಾರೆ; ಅಲ್ಲಿ ಮಾಡುವ ಕಣ್ಣು ಅದರ ಮೂಲಕ ನಾವು ನೋಡುವುದಕ್ಕಾಗಿ ಅಲ್ಲ, ಅದು ಭಕ್ತನನ್ನು ನೋಡಲೆಂದು. ಈ ಎರಡು ಕಣ್ಣುಗಳ ನಡುವಣ ಸಂಬಂಧವನ್ನು ತಿಳಿಯಬೇಕಾದರೆ, ಕುಶಲಕರ್ಮಿಯ ಕೈ ಮತ್ತು ನೋಡುವವನ ಕಣ್ಣು ಮೊದಲ ಬಾರಿಗೆ ಅಷ್ಟು ಹತ್ತಿರ ಕೂಡಿದ ಹಿತ್ತಾಳೆಯ ಸೂಕ್ಷ್ಮದರ್ಶಕದ ಕಡೆಗೆ ಹೋಗಬೇಕಾಗುತ್ತದೆ.

ಹಾಲೆಂಡಿನ ಡೆಲ್ಫ್ಟ್ ಪಟ್ಟಣದ ಬಟ್ಟೆ ವ್ಯಾಪಾರಿ ಆಂಟೊನಿ ವಾನ್ ಲೇವನ್‌ಹುಕ್ (1632–1723) ಮಾಡಿಕೊಂಡ ಸೂಕ್ಷ್ಮದರ್ಶಕ ಅಂಗೈಯಲ್ಲಿ ಅಡಗುವಷ್ಟು ಚಿಕ್ಕದು: ಎರಡು ಲೋಹದ ತಗಡುಗಳು, ಅವುಗಳ ನಡುವೆ ಕಾಳಿಗಿಂತ ಚಿಕ್ಕದಾದ ಒಂದೇ ಮಸೂರ, ವಸ್ತುವನ್ನು ಚುಚ್ಚಿಡಲು ಒಂದು ಮೊನೆ, ಆ ಮೊನೆಯನ್ನು ಹಿಂದುಮುಂದು ಸರಿಸಲು ಕೆಲವು ತಿರುಪುಗಳು. ತಗಡು ಹೆಚ್ಚಾಗಿ ಹಿತ್ತಾಳೆಯದು, ಕೆಲವೊಮ್ಮೆ ಬೆಳ್ಳಿಯದು. ಉಳಿದುಬಂದಿರುವವುಗಳಲ್ಲಿ ಅತ್ಯುತ್ತಮವಾದದ್ದು ವಸ್ತುವನ್ನು ಸುಮಾರು 270 ಪಟ್ಟು ಹಿಗ್ಗಿಸಿ ತೋರಿಸುತ್ತದೆ. ಐನೂರಕ್ಕೂ ಹೆಚ್ಚು ಮಸೂರಗಳನ್ನು ಮಾಡಿದ ಈತ ಅವುಗಳನ್ನು ಮಾಡುವ ಬಗೆಯನ್ನು ಮಾತ್ರ ಯಾರಿಗೂ ಪೂರ್ಣವಾಗಿ ಹೇಳಿಕೊಡಲಿಲ್ಲ. ಮುಂದೆ 1740ರ ದಶಕದಲ್ಲಿ ಲಂಡನ್ನಿನ ಜಾನ್ ಕಫ್ ರಟ್ಟು, ತೊಗಲು, ಮರಗಳನ್ನು ಬಹುಮಟ್ಟಿಗೆ ಬಿಟ್ಟು ಹಿತ್ತಾಳೆಯ ಕಂಬದ ಮೇಲೆ ಸೂಕ್ಷ್ಮದರ್ಶಕವನ್ನು ನಿಲ್ಲಿಸಿದ ಮೇಲೆ, ಒಂದೂವರೆ ಶತಮಾನಕ್ಕೂ ಹೆಚ್ಚು ಕಾಲ ಈ ಉಪಕರಣವೆಂದರೆ ಹಿತ್ತಾಳೆ ಎಂಬಂತಾಯಿತು.

ತಾಮ್ರಕ್ಕೆ ಸತುವನ್ನು ಬೆರೆಸಿದ ಈ ಲೋಹ ಎರಕಕ್ಕೂ ಒಗ್ಗುತ್ತದೆ, ಲೇತ್ ಯಂತ್ರದಲ್ಲಿ ಕಡೆಯುವುದಕ್ಕೂ ಒಗ್ಗುತ್ತದೆ. ಕಬ್ಬಿಣದಂತೆ ತುಕ್ಕು ಹಿಡಿಯುವುದಿಲ್ಲ. ಕೂದಲೆಳೆಯಷ್ಟು ನವಿರಾದ ತಿರುಪಿನ ಸುತ್ತುಗಳನ್ನು ಕೊರೆದರೂ ಅಂಚು ಮುರಿಯುವುದಿಲ್ಲ. ಸೂಕ್ಷ್ಮದರ್ಶಕದ ಕೊಳವೆ ಒಂದು ಮಿಲಿಮೀಟರಿನ ನೂರನೆಯ ಒಂದು ಪಾಲಿನಷ್ಟು ಜರುಗಿದರೂ ನೋಟ ಮಸುಕಾಗುವುದರಿಂದ, ಹಲ್ಲಿನ ಪಟ್ಟಿಗೂ ಹಲ್ಲುಗಾಲಿಗೂ ನಡುವೆ ಸಡಿಲ ಉಳಿಯದಂತೆ ಅರ ಹಾಕಿ ಕೂಡಿಸುವ ಕೆಲಸವೇ ಕಸುಬಿನ ಒರೆಗಲ್ಲಾಗಿತ್ತು. ಕೊನೆಗೆ ಲೋಹವನ್ನು ಬೆಚ್ಚಗೆ ಮಾಡಿ ಅರಗಿನ ದ್ರವವನ್ನು ಬಳಿದು ಹೊನ್ನಿನ ಹೊಳಪು ತರುತ್ತಿದ್ದರು. ಯುರೋಪಿನ ಕಾರ್ಯಾಗಾರಗಳು ಬಳಸಿದ ಆ ಅರಗು ಮುಖ್ಯವಾಗಿ ಭಾರತದಿಂದ ಹೋದದ್ದು.

ಈಗ ನ್ಯಾಯಶಾಸ್ತ್ರದ ಲಕ್ಷಣವನ್ನು ಈ ಉಪಕರಣದ ಎದುರಿಗೆ ಇಟ್ಟು ನೋಡಬಹುದು. ಇಂದ್ರಿಯಕ್ಕೂ ವಸ್ತುವಿಗೂ ಆಗುವ ಸಂಬಂಧದಿಂದ, ಎಂದರೆ ಸನ್ನಿಕರ್ಷದಿಂದ, ಹುಟ್ಟಿದ ಮತ್ತು ತಪ್ಪದ, ನಿಶ್ಚಿತವಾದ ಜ್ಞಾನ ಪ್ರತ್ಯಕ್ಷ ಎಂಬುದು ಗೌತಮನ ನ್ಯಾಯಸೂತ್ರದ ನಿಲುವು. ಕಣ್ಣಿನಿಂದ ತೇಜಸ್ಸಿನ ಕಿರಣ ಹೊರಟು ವಸ್ತುವನ್ನು ಮುಟ್ಟುತ್ತದೆ ಎಂದು ನಂಬಿದ್ದ ಆ ಪರಂಪರೆ ತನಗೆ ತಾನೇ ಒಂದು ಆಕ್ಷೇಪವನ್ನೂ ಒಡ್ಡಿಕೊಂಡಿತು: ಗಾಜು, ಅಭ್ರಕ, ಸ್ಫಟಿಕಗಳ ಹಿಂದಿರುವ ವಸ್ತುವೂ ಕಾಣುತ್ತದೆಯಲ್ಲ, ಅಲ್ಲಿ ಮುಟ್ಟುವುದು ಹೇಗೆ? ಇವು ಕಿರಣವನ್ನು ತಡೆಯುವುದಿಲ್ಲ, ಆದ್ದರಿಂದ ಸನ್ನಿಕರ್ಷ ಅಲ್ಲಿಯೂ ಉಂಟು ಎಂಬುದು ಸೂತ್ರಕಾರನ ಉತ್ತರ. ಕಿರಣದ ಸಿದ್ಧಾಂತ ಇಂದು ಉಳಿದಿಲ್ಲ. ಆದರೆ ನಡುವೆ ಗಾಜು ಬಂದ ಮಾತ್ರಕ್ಕೆ ಪ್ರತ್ಯಕ್ಷ ಕೆಡುವುದಿಲ್ಲ ಎಂಬ ತೀರ್ಮಾನ ಸೂಕ್ಷ್ಮದರ್ಶಕಕ್ಕೆ ಒಂದು ಸಾವಿರ ವರ್ಷಕ್ಕೂ ಮೊದಲೇ ಬರೆದಿಟ್ಟ ಸಮರ್ಥನೆಯಂತಿದೆ. ವೈಶೇಷಿಕರು ಇದಕ್ಕೊಂದು ಗಡಿ ಹಾಕಿದ್ದರು. ಕಿಟಕಿಯಿಂದ ಬಿದ್ದ ಬಿಸಿಲುಕೋಲಿನಲ್ಲಿ ತೇಲುವ ಧೂಳಿನ ಕಣ, ಅವರ ಮಾತಿನಲ್ಲಿ ತ್ರಸರೇಣು, ಕಣ್ಣಿಗೆ ಕಾಣುವುದರಲ್ಲಿ ಅತಿ ಚಿಕ್ಕದು. ಅದಕ್ಕಿಂತ ಕೆಳಗಿನ ದ್ವ್ಯಣುಕ ಮತ್ತು ಪರಮಾಣುಗಳು ಸಾಮಾನ್ಯನಿಗೆ ಅನುಮಾನದಿಂದ ಮಾತ್ರ ತಿಳಿಯತಕ್ಕವು, ಯೋಗಿಗೆ ಮಾತ್ರ ಪ್ರತ್ಯಕ್ಷ. ಡೆಲ್ಫ್ಟಿನ ಬಟ್ಟೆ ವ್ಯಾಪಾರಿ 1670ರ ದಶಕದಲ್ಲಿ ಕೆರೆಯ ನೀರಿನಲ್ಲಿಯೂ ಮೆಣಸು ನೆನೆಸಿದ ನೀರಿನಲ್ಲಿಯೂ ಓಡಾಡುವ ಜೀವಿಗಳನ್ನು ಕಂಡಾಗ ತ್ರಸರೇಣುವಿನ ಗಡಿ ಜರುಗಿತು. ಜರುಗಿಸಿದ್ದು ಯೋಗಸಿದ್ಧಿಯಲ್ಲ, ಕೈಕಸುಬು.

ಪ್ರಶ್ನೆ ಇಲ್ಲಿಗೆ ಮುಗಿಯಿತೆಂದು ಭಾವಿಸಲು ಅಡ್ಡಿಯಾಗುವುದು ‘ತಪ್ಪದ’ ಎಂಬ ವಿಶೇಷಣ. ಹಳೆಯ ಮಸೂರಗಳು ಸುಳ್ಳು ಹೇಳುತ್ತಿದ್ದವು. ಮಸೂರದ ಅಂಚಿನಲ್ಲಿ ಹಾದ ಬೆಳಕೂ ನಡುವೆ ಹಾದ ಬೆಳಕೂ ಒಂದೇ ಬಿಂದುವಿನಲ್ಲಿ ಕೂಡದೆ, ಬೇರೆಬೇರೆ ಬಣ್ಣಗಳು ಬೇರೆಬೇರೆ ಕಡೆ ಬಾಗಿ, ಇಲ್ಲದ ಉಂಗುರಗಳನ್ನೂ ಗುಂಡುಗಳನ್ನೂ ತೋರಿಸುತ್ತಿದ್ದವು. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಅನೇಕ ವಿದ್ವಾಂಸರು ಪ್ರಾಣಿದೇಹದ ಮಾಂಸ, ನರ, ಪೊರೆಗಳೆಲ್ಲವೂ ಪುಟ್ಟ ಗುಂಡುಗಳಿಂದಲೇ ಆದವು ಎಂದು ‘ಕಂಡು’ ಬರೆದರು. ಲಂಡನ್ನಿನ ದ್ರಾಕ್ಷಾಮದ್ಯದ ವ್ಯಾಪಾರಿ ಜೋಸೆಫ್ ಜಾಕ್ಸನ್ ಲಿಸ್ಟರ್, ಟುಲಿ ಎಂಬ ಮಸೂರಗಾರನ ಕೈಯಲ್ಲಿ 1826ರಲ್ಲಿ ದೋಷ ಕಳೆದ ಮಸೂರಗಳುಳ್ಳ ಸೂಕ್ಷ್ಮದರ್ಶಕವನ್ನು ಮಾಡಿಸಿ, ಮರುವರ್ಷ ವೈದ್ಯ ಥಾಮಸ್ ಹಾಡ್ಜ್ಕಿನ್ ಜೊತೆಗೂಡಿ ಪ್ರಕಟಿಸಿದ ಲೇಖನದಲ್ಲಿ ಆ ಗುಂಡುಗಳು ಇಲ್ಲವೆಂದು ತೋರಿಸಿದನು. ಹಗ್ಗದಲ್ಲಿ ಹಾವನ್ನು ಕಂಡವನ ದೋಷ ಅವನ ಕಣ್ಣಿನಲ್ಲಿಯೋ ಮಂದ ಬೆಳಕಿನಲ್ಲಿಯೋ ಇರುತ್ತದೆ. ಇಲ್ಲಿ ದೋಷ ಇದ್ದದ್ದು ಯಾವನೋ ಕಾರ್ಯಾಗಾರದಲ್ಲಿ ತಿಕ್ಕಿದ ಗಾಜಿನಲ್ಲಿ. ನೋಡುವವನು ಭ್ರಾಂತನಲ್ಲ, ಆದರೂ ನೋಟ ಭ್ರಮೆ. ಶಾಸ್ತ್ರಗ್ರಂಥಗಳ ಕಾಮಾಲೆಕಣ್ಣಿನ ಉದಾಹರಣೆ ಈ ಸ್ಥಿತಿಗೆ ಸಾಲದು.

ಜ್ಞಾನದ ಸತ್ಯತೆ, ಎಂದರೆ ಪ್ರಾಮಾಣ್ಯ, ಹೇಗೆ ತಿಳಿಯುತ್ತದೆ ಎಂಬ ಹಳೆಯ ವಾದ ಇಲ್ಲಿ ಮತ್ತೆ ಜೀವ ತಳೆಯುತ್ತದೆ. ಜ್ಞಾನವು ತನ್ನ ಸತ್ಯತೆಯನ್ನು ತಾನೇ ಹೊತ್ತು ಬರುತ್ತದೆ, ಬಾಧಕ ಬರುವವರೆಗೆ ಅದನ್ನು ನಂಬಬೇಕು ಎನ್ನುವ ಮೀಮಾಂಸಕರದು ಸ್ವತಃಪ್ರಾಮಾಣ್ಯವಾದ. ಹೊರಗಿನ ಪರೀಕ್ಷೆಯಿಂದ, ಮುಖ್ಯವಾಗಿ ಆ ಜ್ಞಾನದಂತೆ ನಡೆದಾಗ ಫಲ ದೊರೆಯಿತೇ ಎಂಬುದರಿಂದ, ಸತ್ಯತೆ ತಿಳಿಯುತ್ತದೆ ಎನ್ನುವ ನೈಯಾಯಿಕರದು ಪರತಃಪ್ರಾಮಾಣ್ಯವಾದ. ಸೂಕ್ಷ್ಮದರ್ಶಕ ತಯಾರಕರು, ತಿಳಿಯದೆಯೇ, ಅಪ್ಪಟ ನೈಯಾಯಿಕರಾಗಿದ್ದರು. ಜರ್ಮನಿಯ ನೋಬರ್ಟ್ ಎಂಬ ಕುಶಲಕರ್ಮಿ ವಜ್ರದ ಮೊನೆಯಿಂದ ಗಾಜಿನ ಮೇಲೆ ಗೊತ್ತಾದ ಅಂತರದಲ್ಲಿ ಗೆರೆ ಕೊರೆದು ಪರೀಕ್ಷಾಫಲಕಗಳನ್ನು ಮಾಡಿದನು. ಯಾವ ಗುಂಪಿನ ಗೆರೆಗಳು ಬಿಡಿಬಿಡಿಯಾಗಿ ಕಂಡವು ಎಂಬುದರಿಂದ ಮಸೂರದ ಯೋಗ್ಯತೆ ಗೊತ್ತಾಗುತ್ತಿತ್ತು. 1873ರಲ್ಲಿ ಯೇನಾ ನಗರದ ಅರ್ನ್ಸ್ಟ್ ಅಬ್ಬೆ, ಕಾರ್ಲ್ ಜೈಸ್‌ನ ಕಾರ್ಯಾಗಾರಕ್ಕಾಗಿ ದುಡಿಯುತ್ತ, ಬೆಳಕಿನ ತರಂಗದ ಸುಮಾರು ಅರ್ಧದಷ್ಟು ಅಂತರಕ್ಕಿಂತ ಕಡಿಮೆಯದನ್ನು ಸಾಮಾನ್ಯ ಬೆಳಕಿನ ಸೂಕ್ಷ್ಮದರ್ಶಕ ಬಿಡಿಸಿ ತೋರಿಸಲಾರದೆಂದು ನಿರೂಪಿಸಿದನು. ಒಂದು ಪ್ರಮಾಣ ತನ್ನ ಗಡಿಯನ್ನು ತಾನೇ ಲೆಕ್ಕಹಾಕಿ ಹೇಳಿದ್ದು ಜ್ಞಾನದ ಚರಿತ್ರೆಯಲ್ಲಿ ಅಪರೂಪದ ಸಂಗತಿ, ಇದನ್ನು ದಾರ್ಶನಿಕರು ಇನ್ನೂ ಸಾಕಷ್ಟು ಗಮನಿಸಿಲ್ಲ.

ಆದರೆ ನೋಡುವವರೆಲ್ಲರೂ ಪರೀಕ್ಷೆ ಮಾಡಿ ನೋಡುವುದಿಲ್ಲ. ಲೇವನ್‌ಹುಕ್ ತನ್ನ ‘ಪುಟ್ಟ ಪ್ರಾಣಿ’ಗಳ ವಿಷಯ ಬರೆದಾಗ ಲಂಡನ್ನಿನ ರಾಯಲ್ ಸೊಸೈಟಿಗೆ ಅವು ಕೂಡಲೇ ಕಾಣಲಿಲ್ಲ. 1677ರಲ್ಲಿ ಅವನು ಪಾದ್ರಿಗಳೂ ಸೇರಿದಂತೆ ಎಂಟು ಮಂದಿ ಗೌರವಸ್ಥರ ಸಾಕ್ಷ್ಯಪತ್ರಗಳನ್ನು ಕಳುಹಿಸಿದನು. ಅದೇ ವರ್ಷದ ಕೊನೆಗೆ ರಾಬರ್ಟ್ ಹುಕ್ ತಾನೇ ಮಾಡಿ ನೋಡಿ ಹೌದೆಂದ ಮೇಲೆ ಸಭೆ ಒಪ್ಪಿತು. ಕಣ್ಣಾರೆ ಕಂಡದ್ದಕ್ಕೆ ಪಾದ್ರಿಗಳ ಮಾತಿನ ಬೆಂಬಲ ಬೇಕಾಯಿತು ಎಂಬುದನ್ನು ವಿಜ್ಞಾನದ ಜನಪ್ರಿಯ ಕಥನಗಳು ಬೇಗ ದಾಟಿಹೋಗುತ್ತವೆ. ನ್ಯಾಯದ ಭಾಷೆಯಲ್ಲಿ ಇದು ಶಬ್ದಪ್ರಮಾಣ, ಎಂದರೆ ಆಪ್ತನ ವಚನ. ಆಪ್ತನೆಂದರೆ ನೆಂಟನಲ್ಲ, ಗುರುವೂ ಆಗಬೇಕಾಗಿಲ್ಲ. ವಿಷಯವನ್ನು ತಾನು ಸಾಕ್ಷಾತ್ತಾಗಿ ಅರಿತು, ಅರಿತಂತೆಯೇ ಇತರರಿಗೆ ತಿಳಿಸುವ ಇಚ್ಛೆಯುಳ್ಳವನು. ಈ ಲಕ್ಷಣ ಋಷಿಗೂ ಆರ್ಯನಿಗೂ ಮ್ಲೇಚ್ಛನಿಗೂ ಸಮಾನವೆಂದು ಭಾಷ್ಯಕಾರ ವಾತ್ಸ್ಯಾಯನ ಸ್ಪಷ್ಟವಾಗಿ ಹೇಳಿದ್ದಾನೆ. ಕುಲ, ಮತ, ಪಾಂಡಿತ್ಯಗಳನ್ನು ಬದಿಗಿಟ್ಟು ವಿಶ್ವಾಸಾರ್ಹತೆಯೊಂದನ್ನೇ ಅಳತೆಗೋಲು ಮಾಡಿದ ಈ ವಾಕ್ಯ ಭಾರತೀಯ ತತ್ತ್ವಶಾಸ್ತ್ರದ ಅತ್ಯಂತ ಉದಾರ ವಾಕ್ಯಗಳಲ್ಲಿ ಒಂದು.

ಕುಶಲಕರ್ಮಿ ಆಪ್ತನೇ? ನೈಯಾಯಿಕನ ಕಡೆಯಿಂದ ಒಂದು ಆಕ್ಷೇಪ ಸಹಜ: ಮಸೂರಗಾರ ಏನನ್ನೂ ಹೇಳುವುದಿಲ್ಲ, ಮಾಡುತ್ತಾನೆ, ಅವನ ನೈಪುಣ್ಯ ಜ್ಞಾನದ ಕಾರಣಸಾಮಗ್ರಿಯಲ್ಲಿರುವ ಗುಣ, ಅಷ್ಟೇ. ಜ್ಞಾನ ಹುಟ್ಟುವ ಮಟ್ಟಿಗೆ ಈ ಮಾತು ಸರಿ. ಆದರೆ ಆ ಜ್ಞಾನ ಸತ್ಯವೆಂದು ಗೊತ್ತಾಗುವ ಹಂತದಲ್ಲಿ, ಪರೀಕ್ಷಾಫಲಕವನ್ನು ಇಟ್ಟು ನೋಡದ ವೈದ್ಯನೂ ವಿದ್ಯಾರ್ಥಿಯೂ ನೆಚ್ಚುವುದು ಉಪಕರಣದ ಪಾದದ ಮೇಲೆ ಕೊರೆದ ಹೆಸರನ್ನು. ಪೊವೆಲ್ ಅಂಡ್ ಲೀಲೆಂಡ್, ರಾಸ್, ಜೈಸ್ ಎಂಬ ಹೆಸರುಗಳು ಬರಿಯ ಗುರುತುಗಳಲ್ಲ. ‘ಇದರಲ್ಲಿ ಕಾಣುವುದು ಇದ್ದಂತೆಯೇ ಕಾಣುತ್ತದೆ’ ಎಂಬ ವಾಕ್ಯದ ಸಂಕ್ಷೇಪಗಳು. ಹಾಗಾದರೆ ಸೂಕ್ಷ್ಮದರ್ಶಕದ ಜ್ಞಾನ ಪ್ರತ್ಯಕ್ಷವೇ. ಅದರ ನಂಬಿಕೆಯಲ್ಲಿ ಮಾತ್ರ ಆಪ್ತವಾಕ್ಯದ ಪಾಲು ಸೇರಿದೆ, ಆ ಆಪ್ತ ಕಾರ್ಯಾಗಾರದವನು.

ದಕ್ಷಿಣ ಭಾರತದ ಚರಿತ್ರೆಯಲ್ಲಿಯೂ ಇಂತಹ ಆಪ್ತರಿದ್ದರು. ಕೋಲಾರದ ಚಿನ್ನದ ಸುಳಿವನ್ನು 1802ರಲ್ಲಿ ಬ್ರಿಟಿಷರಿಗೆ ತಿಳಿಸಿದ ಲೆಫ್ಟಿನೆಂಟ್ ಜಾನ್ ವಾರನ್ ಮೈಸೂರಿನ ಪೂರ್ವ ಗಡಿಯ ಮೋಜಣಿಯಲ್ಲಿದ್ದವನು. ಅದೇ ಕಾಲದಲ್ಲಿ ವಿಲಿಯಂ ಲ್ಯಾಂಬ್ಟನ್ ಮದರಾಸಿನ ಬಳಿ ಆಧಾರರೇಖೆಯನ್ನು ಅಳೆದು ಆರಂಭಿಸಿದ ಮಹಾಮೋಜಣಿ ಅರ್ಧ ಟನ್ನಿನಷ್ಟು ತೂಗುವ ಥಿಯೊಡೊಲೈಟ್ ಎಂಬ ಕೋನಮಾಪಕವನ್ನು ನೆಚ್ಚಿತ್ತು. 1808ರಲ್ಲಿ ತಂಜಾವೂರಿನ ದೇವಾಲಯದ ಮೇಲಕ್ಕೆ ಅದನ್ನು ಎತ್ತುವಾಗ ಹಗ್ಗ ತುಂಡಾಗಿ ಯಂತ್ರ ಗೋಡೆಗೆ ಬಡಿದು ಸೊಟ್ಟಗಾಯಿತು. ಲ್ಯಾಂಬ್ಟನ್ ಆರು ವಾರ ಕೂತು ಅದನ್ನು ತಿದ್ದಿದನು. ಮುಂದೆ ಮೋಜಣಿಯ ಉಪಕರಣಗಳನ್ನು ಕಾಪಾಡಿದವನು ಆರ್ಕಾಟಿನ ಸೈಯದ್ ಮೀರ್ ಮೊಹ್ಸಿನ್ ಹುಸೇನ್. ಮದರಾಸಿನಲ್ಲಿ ಕೈಕೆಲಸ ಮಾಡಿಕೊಂಡಿದ್ದ ಈತನನ್ನು ಮೋಜಣಿಯ ಮುಖ್ಯಸ್ಥ ಕರ್ನಲ್ ಬ್ಲ್ಯಾಕರ್ ಕಲ್ಕತ್ತಕ್ಕೆ ಕರೆದೊಯ್ದನು. ಇಂಗ್ಲೆಂಡಿನಿಂದ ಬಂದಿದ್ದ ಉಪಕರಣ ತಯಾರಕ ಹೆನ್ರಿ ಬ್ಯಾರೋ ಹೋದ ಮೇಲೆ, ಆಗ ಮೋಜಣಿಯ ಮುಖ್ಯಸ್ಥನಾಗಿದ್ದ ಜಾರ್ಜ್ ಎವರೆಸ್ಟ್ ಆ ಸ್ಥಾನದ ಹೊಣೆಯನ್ನು ಈತನಿಗೇ ವಹಿಸಬೇಕೆಂದು ಹಿಡಿದನು. ಎವರೆಸ್ಟನ ಹೆಸರು ಪರ್ವತಕ್ಕೆ ನಿಂತಿತು. ಮೊಹ್ಸಿನ್ ಹೆಸರು ಮೋಜಣಿಯ ದಾಖಲೆಗಳಲ್ಲಿ ಹುಡುಕಿದವರಿಗೆ ಮಾತ್ರ ಸಿಗುತ್ತದೆ.

ಸೂಕ್ಷ್ಮದರ್ಶಕ ಮತ್ತು ಹಿಂದೂ ಧರ್ಮದ ಸಂಬಂಧವೆಂದ ಕೂಡಲೇ ಹತ್ತೊಂಬತ್ತನೆಯ ಶತಮಾನದ ಇಂಗ್ಲಿಷ್ ಬರಹಗಳಲ್ಲಿ ಸುತ್ತಾಡುತ್ತಿದ್ದ ಒಂದು ಕಥೆಯನ್ನು ಎತ್ತುವುದು ವಾಡಿಕೆ: ತಾನು ತಿನ್ನುವ ಹಣ್ಣಿನಲ್ಲಿಯೂ ಜೀವಿಗಳಿರುವುದನ್ನು ಸೂಕ್ಷ್ಮದರ್ಶಕದಲ್ಲಿ ಕಂಡ ಬ್ರಾಹ್ಮಣನೊಬ್ಬ ಆ ಉಪಕರಣವನ್ನೇ ಕೊಂಡು ಪುಡಿಪುಡಿ ಮಾಡಿದನಂತೆ. ಊರು, ಹೆಸರು, ಕಾಲಗಳಿಲ್ಲದ ಈ ಕಥೆ ಧರ್ಮಪ್ರಚಾರಕರಿಗೆ ಪ್ರಿಯವಾಗಿತ್ತು. ಅದು ಹೇಳುವುದು ಭಾರತದ ವಿಷಯವಲ್ಲ. ನೀರಿನಲ್ಲಿ, ಗಾಳಿಯಲ್ಲಿ, ಗೆಡ್ಡೆಗಳಲ್ಲಿ ಕಣ್ಣಿಗೆ ಕಾಣದ ಜೀವಗಳು ತುಂಬಿವೆ ಎಂದು ಜೈನಾಗಮಗಳು ಹೇಳಿ, ನೀರನ್ನು ಬಟ್ಟೆಯಲ್ಲಿ ಸೋಸಿ ಕುಡಿಯುವ ವ್ರತವನ್ನೂ ರೂಪಿಸಿದ್ದ ನಾಡಿನಲ್ಲಿ, ಲೇವನ್‌ಹುಕ್‌ನ ಕಾಣ್ಕೆ ಗಾಬರಿಗಿಂತ ಹೆಚ್ಚಾಗಿ ‘ಹೌದಲ್ಲ’ ಎಂಬ ಉದ್ಗಾರವನ್ನೇ ಹೊರಡಿಸಬೇಕಿತ್ತು. ಅಷ್ಟರಿಂದ ಆಗಮಗಳು ಸೂಕ್ಷ್ಮಜೀವಿಶಾಸ್ತ್ರವನ್ನು ಮೊದಲೇ ಹೇಳಿದ್ದವು ಎಂದು ಹೆಮ್ಮೆಪಡುವುದೂ ಅಷ್ಟೇ ಅಸಂಗತ. ನಂಬುವುದು ಬೇರೆ, ತಿರುಪು ತಿರುಗಿಸಿ ತೋರಿಸುವುದು ಬೇರೆ.

ಕೈಕಸುಬನ್ನೂ ತತ್ತ್ವವನ್ನೂ ಒಂದೇ ಜೀವದಲ್ಲಿ ಹೊತ್ತವನು ಲೇವನ್‌ಹುಕ್ ಹುಟ್ಟಿದ ವರ್ಷವೇ ಆಮ್‌ಸ್ಟರ್‌ಡ್ಯಾಮಿನಲ್ಲಿ ಹುಟ್ಟಿದ ಬರೂಕ್ ಸ್ಪಿನೋಜ. 1656ರಲ್ಲಿ ಯೆಹೂದ್ಯ ಸಮಾಜ ಬಹಿಷ್ಕಾರ ಹಾಕಿದ ಮೇಲೆ ಮಸೂರ ತಿಕ್ಕುವುದು ಅವನ ಕಸುಬಾಯಿತು. ಹೊಯ್ಗನ್ಸ್‌ನಂತಹ ವಿಜ್ಞಾನಿ ಆ ಮಸೂರಗಳನ್ನು ಮೆಚ್ಚಿದ್ದನು. 1665ರ ಒಂದು ಪತ್ರದಲ್ಲಿ ಅವನು ರಕ್ತದಲ್ಲಿ ವಾಸಿಸುವ ಒಂದು ಹುಳುವನ್ನು ಕಲ್ಪಿಸುತ್ತಾನೆ: ಅದಕ್ಕೆ ರಕ್ತದ ಒಂದೊಂದು ಕಣವೂ ಸ್ವತಂತ್ರವಾದ ಪೂರ್ಣವಸ್ತುವಾಗಿ ತೋರುತ್ತದೆಯೇ ಹೊರತು ದೊಡ್ಡದೊಂದರ ಅಂಗವಾಗಿ ತೋರುವುದಿಲ್ಲ, ಮನುಷ್ಯನು ವಿಶ್ವವನ್ನು ನೋಡುವುದೂ ಹಾಗೆಯೇ. ದೇವರೆಂದರೆ ಈ ಸಮಸ್ತವೇ ಎಂಬ ಅವನ ದರ್ಶನಕ್ಕೆ ಮಸೂರವೇ ಕಾರಣವೆನ್ನುವುದು ಅತಿಯಾದೀತು. ಆದರೂ ನೋಟದ ಅಳತೆ ಬದಲಾದರೆ ಬಿಡಿ ಮತ್ತು ಇಡಿ ಎಂಬ ವಿಭಾಗವೇ ಬದಲಾಗುತ್ತದೆ ಎಂಬುದನ್ನು ದಿನವೂ ಗಾಜು ತಿಕ್ಕುವವನಿಗೆ ಯಾರೂ ಕಲಿಸಬೇಕಾಗಿರಲಿಲ್ಲ.

ಶಿವಾರಪಟ್ಟಣದ ಕಡೆಗೆ ತಿರುಗಿದರೆ, ಅಲ್ಲಿಯ ಲೋಹಶಿಲ್ಪಿ ಮೊದಲು ಮೇಣದಲ್ಲಿ ಮೂರ್ತಿಯನ್ನು ತಿದ್ದುತ್ತಾನೆ. ಅದರ ಮೇಲೆ ನಯವಾದ ಮಣ್ಣಿನ ಪದರಗಳನ್ನು ಮೆತ್ತಿ ಒಣಗಿಸಿ ಕಾಯಿಸಿದಾಗ ಮೇಣ ಕರಗಿ ಹರಿದುಹೋಗುತ್ತದೆ. ಉಳಿದ ಟೊಳ್ಳಿಗೆ ಮೂಸೆಯಲ್ಲಿ ಕರಗಿಸಿದ ಲೋಹವನ್ನು ಹೊಯ್ದು, ಆರಿದ ಮೇಲೆ ಅಚ್ಚನ್ನು ಒಡೆದು, ಅರ ಮತ್ತು ಉಳಿಯಿಂದ ತಿದ್ದುತ್ತಾನೆ. ಅಚ್ಚು ಒಡೆದುಹೋಗುವುದರಿಂದ ಪ್ರತಿ ಮೂರ್ತಿಯೂ ಒಂದೇ ಒಂದು. ಕೊನೆಯ ಕೆಲಸ ಕಣ್ಣು ಬಿಡಿಸುವುದು, ಶಾಸ್ತ್ರದ ಹೆಸರಿನಲ್ಲಿ ನೇತ್ರೋನ್ಮೀಲನ. ತೆರೆದ ಕಣ್ಣಿನ ಮೊದಲ ದೃಷ್ಟಿಗೆ ಕನ್ನಡಿ, ಕರುವಿನ ಸಮೇತ ಹಸು ಮೊದಲಾದ ಮಂಗಳವಸ್ತುಗಳನ್ನು ಹಿಡಿಯುವ ಪದ್ಧತಿ ಇದೆ. ಅನಂತರ ಶಿಲ್ಪಿಗೆ ಸಂಭಾವನೆ ಕೊಟ್ಟು ಕಳುಹಿಸಿ, ಶುದ್ಧಿ ಮಾಡಿ, ಪ್ರಾಣಪ್ರತಿಷ್ಠೆ, ಎಂದರೆ ಮೂರ್ತಿಯಲ್ಲಿ ದೇವತಾಸಾನ್ನಿಧ್ಯದ ಆವಾಹನೆ, ನಡೆಯುತ್ತದೆ. ಅದರಾಚೆಗೆ ಗರ್ಭಗುಡಿಯಲ್ಲಿ ಮಾಡಿದವನಿಗೆ ಸ್ಥಾನವಿಲ್ಲ. ಧರ್ಮಶಾಸ್ತ್ರದ ದೃಷ್ಟಿಯಿಂದ ಇದನ್ನು ಸಮರ್ಥಿಸುವವರು, ದೇವರು ಮಾಡಲ್ಪಟ್ಟವನಲ್ಲ, ಆದ್ದರಿಂದ ಮಾಡಿದ ಗುರುತನ್ನು ಅಳಿಸಬೇಕು ಎನ್ನುತ್ತಾರೆ. ವಾದದಲ್ಲಿ ಬಲವಿದೆ. ಆದರೆ ಗುರುತನ್ನು ಅಳಿಸುವುದಕ್ಕೂ ಮನುಷ್ಯನನ್ನು ಹೊರಗಿಡುವುದಕ್ಕೂ ವ್ಯತ್ಯಾಸವಿದೆ, ಜಾತಿಯ ವ್ಯವಸ್ಥೆ ಈ ವ್ಯತ್ಯಾಸವನ್ನು ಬೇಕೆಂದೇ ಮರೆಯಿತು.

ಕುಶಲಕರ್ಮಿಯ ಅರಿವು ಪಂಡಿತನ ಅರಿವಿಗಿಂತ ಕಡಿಮೆಯದಲ್ಲ ಎಂಬುದನ್ನು ಕನ್ನಡ ನಾಡು ಒಂದು ಐತಿಹ್ಯದಲ್ಲಿ ಕಾಪಾಡಿಕೊಂಡಿದೆ. ಬೇಲೂರಿನಲ್ಲಿ ಜಕಣಾಚಾರಿ ಕಡೆದ ಮೂರ್ತಿಯ ಕಲ್ಲಿನಲ್ಲಿ ದೋಷವಿದೆಯೆಂದು ಒಬ್ಬ ಯುವಕ ಹೇಳುತ್ತಾನೆ; ಪರೀಕ್ಷೆಗೆಂದು ಗಂಧವನ್ನು ಬಳಿದಾಗ ಎಲ್ಲೆಡೆ ಒಣಗಿ ಹೊಕ್ಕುಳ ಬಳಿ ಮಾತ್ರ ಒದ್ದೆಯಾಗಿ ಉಳಿಯುತ್ತದೆ; ಅಲ್ಲಿ ಕೊರೆದಾಗ ಕಪ್ಪೆ ಹೊರಬರುತ್ತದೆ; ಆ ಯುವಕ ಜಕಣಾಚಾರಿಯ ಮಗ ಡಂಕಣಾಚಾರಿ. ಇದೇ ತಂದೆ ಮಕ್ಕಳ ಹೆಸರನ್ನು ಮುಳಬಾಗಿಲು ತಾಲ್ಲೂಕಿನ ಕುರುಡುಮಲೆಯ ಸೋಮೇಶ್ವರ ದೇವಾಲಯಕ್ಕೂ ಜನ ಜೋಡಿಸಿದ್ದಾರೆ. ಜಕಣಾಚಾರಿಯ ಹೆಸರನ್ನು ಹೊಯ್ಸಳ ಶಾಸನಗಳು ಹೇಳುವುದಿಲ್ಲವಾದ್ದರಿಂದ ಇದು ಚರಿತ್ರೆಯಲ್ಲ. ಆದರೂ ಕಲ್ಲಿನ ಒಳಗನ್ನು ಹೊರಗಿನಿಂದ ಅರಿಯಲು ಗಂಧದ ಲೇಪವನ್ನು ಉಪಕರಣವಾಗಿ ಬಳಸಿದ ಕಲ್ಪನೆ ಗಮನಾರ್ಹ. ಹಿರಿಯನ ಕೀರ್ತಿಗೆ ಎದುರಾಗಿ ಪರೀಕ್ಷೆ ಗೆಲ್ಲುತ್ತದೆ, ಕಥೆ ಗೆದ್ದವನ ಪಕ್ಷ ವಹಿಸುತ್ತದೆ.

ಕಾಣದ್ದನ್ನು ಕಾಣುವ ಸಾಧನ ಕೋಲಾರದಲ್ಲಿ ಇನ್ನೊಂದು ರೂಪವನ್ನೂ ತಾಳಿತು. ಚಿನ್ನದ ಗಣಿಯ ಚಾಂಪಿಯನ್ ರೀಫ್‌ನಲ್ಲಿ, ನೆಲದಿಂದ ಸುಮಾರು 2,300 ಮೀಟರ್ ಆಳದಲ್ಲಿ, ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಜಪಾನಿನ ಒಸಾಕ ಮತ್ತು ಇಂಗ್ಲೆಂಡಿನ ಡರ್ಹಮ್‌ನ ಸಹೋದ್ಯೋಗಿಗಳೊಡನೆ 1965ರಲ್ಲಿ ವಾಯುಮಂಡಲದಲ್ಲಿ ಹುಟ್ಟುವ ನ್ಯೂಟ್ರಿನೊಗಳ ಗುರುತನ್ನು ಹಿಡಿದರು. ಬಂಡೆಯೇ ಜರಡಿಯಾಗಿದ್ದ ಆ ಪ್ರಯೋಗದಲ್ಲಿ ನ್ಯೂಟ್ರಿನೊವನ್ನು ಯಾರೂ ‘ನೋಡಲಿಲ್ಲ’. ಅದು ಬಂಡೆಗೆ ತಗುಲಿ ಹುಟ್ಟಿಸಿದ ಮತ್ತೊಂದು ಕಣದ ಮಿಂಚು ದಾಖಲಾಯಿತು. ವೈಶೇಷಿಕರ ಪರಮಾಣುವಿನಂತೆ ಇದು ಮತ್ತೆ ಅನುಮಾನದ ಕ್ಷೇತ್ರ. 1951ರಿಂದಲೇ ಆ ಗಣಿಯಲ್ಲಿ ವಿಶ್ವಕಿರಣಗಳ ಅಳತೆಗೆ ತೊಡಗಿದ್ದ, ನಂಜನಗೂಡಿನಲ್ಲಿ ಹುಟ್ಟಿದ ಬಿ.ವಿ. ಶ್ರೀಕಂಠನ್ ತಮ್ಮ ಕೊನೆಯ ದಶಕಗಳನ್ನು ಬೆಂಗಳೂರಿನ ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆಯಲ್ಲಿ ಪ್ರಜ್ಞೆಯ ತಾತ್ತ್ವಿಕ ಪ್ರಶ್ನೆಗಳಿಗೆ ಮೀಸಲಿಟ್ಟದ್ದು ಆಕಸ್ಮಿಕವೆನ್ನಿಸುವುದಿಲ್ಲ.

ಆಯುಧಪೂಜೆಯ ದಿನ ಕರ್ನಾಟಕದ ಕಾರ್ಖಾನೆಗಳಲ್ಲಿ ಯಂತ್ರಗಳಿಗೆ ಅರಿಸಿನ ಕುಂಕುಮ ಹಚ್ಚುವಾಗ ಸಾಧನಕ್ಕೆ ಸಲ್ಲುವ ಗೌರವ ಮಾಡಿದವನಿಗೂ ತಲುಪುತ್ತದೆಯೇ ಎಂದು ಕೇಳಬೇಕಾಗಿದೆ. ಪೂಜೆ ಅನಾಮಧೇಯ, ಪ್ರಾಮಾಣ್ಯಕ್ಕೆ ಹೆಸರು ಬೇಕು. ಬೇಲೂರಿನಲ್ಲಿ ಬಳ್ಳಿಗಾವೆಯ ದಾಸೋಜ, ಸೋಮನಾಥಪುರದಲ್ಲಿ ಮಲ್ಲಿತಮ್ಮ ತಮ್ಮ ಶಿಲ್ಪಗಳ ಕೆಳಗೆ ಹೆಸರು ಕೆತ್ತಿ ಹೊಣೆ ಹೊತ್ತಿದ್ದರು. ಹಿತ್ತಾಳೆಯ ಸೂಕ್ಷ್ಮದರ್ಶಕದ ಪಾದದ ಮೇಲಿನ ಹೆಸರು ಅದೇ ಬಗೆಯ ಹೊಣೆ. ಆದ್ದರಿಂದ ಹಳೆಯ ಶಾಲಾ ಕಾಲೇಜುಗಳ ಪ್ರಯೋಗಾಲಯದ ಕಪಾಟಿನಲ್ಲಿ ಇಂತಹ ಉಪಕರಣ ಉಳಿದಿದ್ದರೆ, ಅದನ್ನು ಗುಜರಿಯ ತೂಕಕ್ಕೆ ಹಾಕುವ ಮೊದಲು ಅದರ ಮೇಲಿನ ಹೆಸರನ್ನೂ ಅಂಕಿಯನ್ನೂ ಓದಿ ದಾಖಲಿಸಿಕೊಳ್ಳಬೇಕು. ಶಿವಾರಪಟ್ಟಣದಿಂದ ಮೂರ್ತಿ ತರುವ ದೇವಾಲಯ ಸಮಿತಿಗಳು ಪ್ರತಿಷ್ಠೆಯ ಕಲ್ಲಿನ ಮೇಲೆ ದಾನಿಗಳ ಹೆಸರಿನ ಜೊತೆಗೆ ಶಿಲ್ಪಿಯ ಹೆಸರನ್ನೂ ಕೆತ್ತಿಸಬೇಕು.